ಅಂಗಡಿ ಮುಂದಿನ ಸುಣ್ಣದ ಗೆರೆ

ಗೌರಿಬಿದನೂರು
12-8-2024

ತಂಗಿ ಯಶೋಧರಾಳಿಗೆ ಅಣ್ಣ ಗಂಗರಾಜು ಮಾಡುವ ಆಶೀರ್ವಾದ.

ನಾನಿಲ್ಲಿ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗಬೇಕು, ಆದರೆ ಕ್ಷೇಮವಾಗಿಲ್ಲ. ಕಾಯಿಲೆ ಏನಿಲ್ಲ, ಬರೀ ಯೋಚನೆ. ಮೊನ್ನೆ ಫೋನಿನಲ್ಲಿ ನೀನು "ಅಣ್ಣ, ಆ ಪುಡಿ ವಿಷಯ" ಎಂದು ಶುರು ಮಾಡಿದಾಗ ಲೈನು ಹೋಯಿತಲ್ಲ, ಅದು ಸಿಗ್ನಲ್ ಅಲ್ಲ, ನಾನೇ ಕಟ್ ಮಾಡಿದ್ದು. ಬೇಜಾರಾಗಬೇಡ. ಫೋನಿನಲ್ಲಿ ಆಡಿದ ಮಾತು ಎಲ್ಲೋ ಒಂದು ಕಡೆ ಉಳಿದುಕೊಂಡಿರುತ್ತದಂತೆ, ಅಂಗಡಿಗೆ ಬರುವವರು ಹೇಳುತ್ತಿದ್ದರು. ಅದಕ್ಕೇ ಈ ಕಾಗದ. ಏಳನೇ ಕ್ಲಾಸು ನಡುವೆ ಬಿಟ್ಟವನ ಬರಹ, ತಪ್ಪಿದ್ದ ಕಡೆ ನೀನೇ ತಿದ್ದಿಕೊಂಡು ಓದು.

ಯಶೋಧಮ್ಮಾ, ಆ ರಾಜಿಪತ್ರದಲ್ಲಿ ಸಾಕ್ಷಿ ಎಂದು ನನ್ನ ಸಹಿಯೂ ಇದೆ. ಚಿಕ್ಕಬಳ್ಳಾಪುರದಲ್ಲಿ ನಿನ್ನ ವಕೀಲರು ಸಂಹಿತಾ ಮೇಡಂ ಓದಿ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಹೋದ ವರ್ಷ ಆ ಕಂಪನಿಯವರ ಹಳದಿ ಚೀಲದ ಪುಡಿಯನ್ನು ರೋಗ ಬಾರದಿರಲಿ ಎಂದು ನೀನು ರೇಷ್ಮೆ ಹುಳುವಿನ ಮೇಲೆ ಉದುರಿಸಿದೆ, ಮೂರನೇ ಜ್ವರದಿಂದ ಹುಳು ಏಳಲೇ ಇಲ್ಲ, ಪೊರೆ ಬಿಡುವುದಕ್ಕೆ ಕೂತವು ಕೂತಲ್ಲೇ ಹೋದವು. ನೀನು ಪುಡಿಯನ್ನು ಪರೀಕ್ಷೆಗೆ ಕಳಿಸಿ ಕೇಸು ಹಾಕಿದೆ. ಅವರು ರಾಜಿಗೆ ಬಂದರು. ದುಡ್ಡು ಬೇಡ, ನನಗೊಂದು ಸರಿಯಾದ ಹುಳುಮನೆ ಕಟ್ಟಿಸಿಕೊಡಿ ಎಂದೆ, ಕಟ್ಟಿಸಿಕೊಟ್ಟರು. ಅದಕ್ಕೆ ಬದಲಾಗಿ ಪುಡಿಯಿಂದ ಹುಳು ಸತ್ತವು ಎಂಬುದನ್ನು ನೀನು ಯಾರಿಗೂ ತಿಳಿಸಬಾರದು, ತಿಳಿಸಿದರೆ ಕೊಟ್ಟದ್ದೆಲ್ಲ ವಾಪಸ್ಸು. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆದರೆ ನನಗೊಂದು ಸಮಾಧಾನ.

ಆ ಮನೆ ಎಷ್ಟು ಚೆನ್ನಾಗಿದೆ! ಕಬ್ಬಿಣದ ಸ್ಟ್ಯಾಂಡು, ಕಿಟಕಿಗೆಲ್ಲ ಬಲೆ, ಮೇಲೆ ಬಿಸಿಲು ಇಳಿಯದ ಶೀಟು. ನೀನೂ ಮುನೇಶನೂ ಅಷ್ಟು ವರ್ಷ ಮಲಗುವ ಕೋಣೆಯಲ್ಲಿ ಹುಳು ಸಾಕಿ, ನೀವು ಜಗುಲಿಯಲ್ಲಿ ಮಲಗಿದ್ದನ್ನು ಕಂಡವನು ನಾನು. ಅದನ್ನು ಉಳಿಸಿಕೋ ತಾಯಿ. ಯಾರೇ ಕೇಳಲಿ, ಗೊತ್ತಿಲ್ಲ ಅನ್ನು. ಬಾಯಿಗೆ ಎಲೆ ಅಡಿಕೆ ಹಾಕಿಕೊಂಡಿರು, ಮಾತಾಡುವುದಕ್ಕೆ ಆಗುವುದಿಲ್ಲ. ನಾನು ಮಾಡುವುದು ಅದನ್ನೇ.

ಓದಿದ ಮೇಲೆ ಇದನ್ನು ಒಲೆಗೆ ಹಾಕು. ಮರೆಯಬೇಡ.

ಇಂತಿ ನಿನ್ನ ಅಣ್ಣ,
ಗಂಗರಾಜು


ಸಾದಲಿ
2-9-2024

ಅಣ್ಣನಿಗೆ ನಮಸ್ಕಾರ.

ಕಾಗದ ಬಂತು. ಲಕೋಟೆಗೆ ಅನ್ನ ಎಷ್ಟು ಮೆತ್ತಿದ್ದೀಯ ಎಂದರೆ ಬಿಡಿಸುವಷ್ಟರಲ್ಲಿ ಅರ್ಧ ಕಾಗದ ಹರಿದು ಬಂತು. ನಿನ್ನ ಗುಟ್ಟು ಪೋಸ್ಟ್‌ಮ್ಯಾನಿಗೂ ತಿಳಿಯಲಿಲ್ಲ, ನನಗೂ ಅರ್ಧ ತಿಳಿಯಲಿಲ್ಲ. ಮುನೇಶ್ ಓದಿ ನಕ್ಕರು. ಒಲೆಗೆ ಹಾಕಿದೆ.

ನಾನು ಫೋನಿನಲ್ಲಿ ಹೇಳಹೊರಟಿದ್ದು ಇದು. ಪಕ್ಕದ ಮನೆ ಕೊಂಡಮ್ಮತ್ತೆ ಹೊಸ ಪುಡಿ ತಂದಿದ್ದಾರೆ. ನಮ್ಮೂರ ಗೊಬ್ಬರದ ಅಂಗಡಿ ಕೊಂಡಪ್ಪ ತರಿಸಿದ್ದಾನೆ. ಚೀಲ ನೀಲಿ, ಹೆಸರು ಬೇರೆ. ನಿನ್ನ ಕಾಗದ ಬಂದ ಮೇಲೆ ಒಂದು ದಿನ ಚೀಲವನ್ನು ಸೊಂಟದ ಮೇಲೆ ಇಟ್ಟುಕೊಂಡು ಮನೆ ಬಾಗಿಲಿಗೇ ಬಂದು, ತಮ್ಮ ತೆಲುಗು ಬೆರೆತ ಮಾತಿನಲ್ಲಿ ಕೇಳಿದರು.

"ಏಂ ತಲ್ಲೀ, ನೀನು ಓದಿದೋಳು, ನೋಡಿ ಹೇಳು. ಈ ಪುಡಿ ಮಂಚಿದೇನಾ?"

ನೀಲಿ ಎಂದರೆ ಚೀಲವೇ ನೀಲಿಯಲ್ಲ ಅಣ್ಣ. ಮೇಲೆ ನೀಲಿ ಕಾಗದ ಅಂಟಿಸಿದ್ದಾರೆ. ಒಂದು ಮೂಲೆಯಲ್ಲಿ ಎದ್ದಿತ್ತು, ಕೆಳಗೆ ಹಳದಿ ಕಾಣಿಸಿತು. ಅದೇ ಚೀಲ, ಅದೇ ಅಚ್ಚು. ನಮ್ಮ ಹುಳು ಸತ್ತಾಗ ಊರವರೆಲ್ಲ ಅದನ್ನು ಹಾಲುತೊಂಡೆ ರೋಗ ಎಂದುಕೊಂಡರು. ಪರೀಕ್ಷೆಯಲ್ಲಿ ಪುಡಿಯದೇ ತಪ್ಪು ಎಂದು ಬಂದದ್ದನ್ನು ಊರಿಗೆ ಹೇಳುವಷ್ಟರಲ್ಲಿ ನನ್ನ ಬಾಯಿ ಕಟ್ಟಿಯಾಗಿತ್ತು. ಹಾಗಾಗಿ ಇಲ್ಲಿ ಯಾರಿಗೂ ಗೊತ್ತಿಲ್ಲ.

"ಸೊಪ್ಪು ಬಾಡ್ತಾ ಇದೆ ಅತ್ತೆ, ಹಾಕಿ ಬರ್ತೀನಿ" ಎಂದೆ.

"ನಾನು ಕೇಳಿದ್ದು ಸೊಪ್ಪಿನ ಸಮಾಚಾರ ಅಲ್ಲಮ್ಮಾ."

ನಾನು ಒಳಗೆ ಹೋದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು ಹೋದರು. ನೀನು ಹೇಳಿದ ಹಾಗೇ ಆಯಿತು, ಬಾಯಿ ಬಿಡಲಿಲ್ಲ. ಸಂತೋಷವಾಯಿತೇ?

ನಿನ್ನ ತಂಗಿ,
ಯಶೋಧರಾ


ಗೌರಿಬಿದನೂರು
9-9-2024

ತಂಗಿ ಯಶೋಧರಾಳಿಗೆ,

ಸಂತೋಷವಾಯಿತು. ನಿಜ ಹೇಳುತ್ತೇನೆ, ಓದಿದ ಮೇಲೆ ಎರಡು ತುತ್ತು ಹೆಚ್ಚಿಗೆ ಉಂಡೆ. ಆಮೇಲೆ "ಸಂತೋಷವಾಯಿತೇ" ಎಂದು ಬರೆದಿದ್ದೀಯಲ್ಲ, ಅದು ನೆನಪಾಗಿ ಉಂಡದ್ದು ಅಲ್ಲೇ ನಿಂತಿತು.

ಆ ಮಾತು ಬರೆದವಳು ಸುಮ್ಮನಿರುವವಳಲ್ಲ. ನನಗೆ ನಿನ್ನ ಸ್ವಭಾವ ಗೊತ್ತಿಲ್ಲವೇ? ಅಮ್ಮನ ಹುಳುವಿಗೆ ರೋಗ ಬಂದ ವರ್ಷ ನೆನಪಿದೆಯಾ? ಅಮ್ಮ ಬಾಗಿಲಿಗೆ ಅಡ್ಡ ಸುಣ್ಣದ ಗೆರೆ ಎಳೆದು ನಿನ್ನನ್ನು ಓಣಿಯ ತುದಿಗೆ ನಿಲ್ಲಿಸಿದಳು. ನಮ್ಮ ಕಡೆ ಹುಳು ಸಾಕುವವರಿಗೆ ಅದೇ ಕಾಯಿದೆ ತಾನೇ. ಗೆರೆ ಬಿದ್ದ ಮನೆಗೆ ಹೊರಗಿನವರು ಹೋಗುವಂತಿಲ್ಲ, ಆ ಮನೆಯವರು ಇನ್ನೊಬ್ಬರ ಹುಳುಮನೆ ಮೆಟ್ಟಿಲು ಹತ್ತುವಂತಿಲ್ಲ, ಏನು ರೋಗ ಎಂದು ಕೇಳಿದರೆ ಮುಚ್ಚಿಡುವಂತಿಲ್ಲ. ನೀನು ಇಷ್ಟೆತ್ತರ ಇದ್ದೆ. ಬಿಸಿಲಿನಲ್ಲಿ ನಿಂತು ಬಂದವರಿಗೆಲ್ಲ "ನಮ್ಮನೇಲಿ ರೋಗ, ಬರ್ಬೇಡಿ" ಎಂದು ಕೂಗುತ್ತಿದ್ದೆ. ನಮ್ಮ ಮೇಷ್ಟ್ರು ಅನಂತರಾಮಯ್ಯನವರು ಅಪ್ಪನನ್ನು ನೋಡಲು ಬಂದರೆ ಅವರನ್ನೂ ತಡೆದೆ. "ನಾನು ನಿಮ್ಮ ಮೇಷ್ಟ್ರು ಕಣಮ್ಮಾ" ಅಂದರು. "ಮೇಷ್ಟ್ರ ಕಾಲಿಗೂ ರೋಗ ಅಂಟ್ಕೊಳ್ಳುತ್ತೆ ಸಾರ್" ಅಂದೆ. ಅವರು ನಗುತ್ತಾ ವಾಪಸ್ಸು ಹೋದರು. ನಾನಾಗಿದ್ದರೆ ದಾರಿ ಬಿಟ್ಟು ಬಚ್ಚಲಲ್ಲಿ ಅಡಗಿಕೊಳ್ಳುತ್ತಿದ್ದೆ.

ಅದಕ್ಕೇ ಭಯ ನನಗೆ. ಯಶೋಧಮ್ಮಾ, ಕೊಂಡಮ್ಮತ್ತೆ ಒಳ್ಳೆಯವರು, ಹೌದು. ಆದರೆ ಆ ಪುಡಿ ಈ ಸಾರಿ ಸರಿಯಾಗಿಯೂ ಇರಬಹುದಲ್ಲ? ಕಂಪನಿಯವರು ತಿದ್ದಿಕೊಂಡಿರಬಹುದಲ್ಲ? ನೀನು ಅವಸರಕ್ಕೆ ಏನಾದರೂ ಅಂದು, ಪುಡಿ ಸರಿಯಿದ್ದು, ಆಮೇಲೆ ಅವರು ಮಾನನಷ್ಟ ಅಂತ ಇನ್ನೊಂದು ಕೇಸು ಹಾಕಿದರೆ? ನಾನೊಂದು ಬೀಜ ಗೊಬ್ಬರದ ಅಂಗಡಿಯಲ್ಲಿ ಕೌಂಟರಿನಲ್ಲಿ ನಿಲ್ಲುವವನು. ಕೋರ್ಟಿಗೆ ಅಲೆಯುವ ಶಕ್ತಿ ನನಗೂ ಇಲ್ಲ, ನಿನಗೂ ಇಲ್ಲ.

ಅನ್ನ ಈ ಸಾರಿ ಕಡಿಮೆ ಮೆತ್ತಿದ್ದೇನೆ. ಓದಿ ಸುಟ್ಟುಬಿಡು.

ನಿನ್ನ ಅಣ್ಣ,
ಗಂಗರಾಜು


ಗೌರಿಬಿದನೂರು
7-10-2024

ಯಶೋಧರಾಳಿಗೆ,

ಇದನ್ನು ಅಂಗಡಿಯ ಗೋಡೌನಿನಲ್ಲಿ ಗೊಬ್ಬರದ ಮೂಟೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬೆಳಿಗ್ಗೆ ಸಾದಲಿ ಕಡೆಯ ಇಬ್ಬರು ಬಂದಿದ್ದರು, ಪೈಪು ಕೇಳಿಕೊಂಡು. ಅವರು ಆಡಿದ ಮಾತನ್ನು ಹಾಗೇ ಬರೆಯುತ್ತೇನೆ.

"ಅಲ್ಲಯ್ಯಾ, ರೋಗ ಬಂದ ಮನೆಗೆ ಸುಣ್ಣ ಹಾಕೋದು ಕಂಡಿದ್ದೀನಿ. ಅಂಗಡಿಗೆ ಸುಣ್ಣ ಹಾಕೋದು ಎಲ್ಲಿಯಾದ್ರೂ ಉಂಟಾ?"

"ಕೊಂಡಪ್ಪನ ಮುಖ ನೋಡ್ಬೇಕಿತ್ತು ನೀನು. ಬೆಳಿಗ್ಗೆ ಷಟ್ರು ಎತ್ತಿದ್ರೆ ಬಾಗಿಲಿಗೆ ಅಡ್ಡ ಗೆರೆ! ಅತ್ತಕಡೆ ಹೆಂಗಸ್ರು ನಿಂತವ್ರೆ, ಇತ್ತಕಡೆ ಇವನು. ಬನ್ನಿ ಬನ್ನಿ ಅಂತಾನೆ, ಒಬ್ರೂ ದಾಟಲ್ಲ."

"ಯಾರು ಹಾಕಿದ್ದಂತೆ?"

"ಯಾರೋ ಹೆಂಗಸು. ಹೊಸ ಹುಳುಮನೆ ಕಟ್ಸಿದ್ದಾಳಲ್ಲ, ಆವಮ್ಮ ಅಂತಾರೆ."

ನಾನು ಪೈಪಿನ ಬದಲು ಹಗ್ಗ ಅಳೆದು ಕೊಟ್ಟೆ. ಮಾಲೀಕರು ಅಚ್ಯುತ್ ಸಾರ್ ಬೈದರು.

ಅದು ನೀನಲ್ಲ ಎಂದು ಎರಡು ಸಾಲು ಬರೆ. ಸಾದಲಿಯಲ್ಲಿ ಹೊಸ ಹುಳುಮನೆ ಇನ್ನೂ ಯಾರಾದರೂ ಕಟ್ಟಿಸಿರಬಹುದು. ಇಲ್ಲ, ನೀನೇ ಎಂದಾದರೆ ಏನೂ ಬರೆಯಬೇಡ. ಅಥವಾ ಬರೆ. ನನಗೆ ಏನೂ ತೋಚುತ್ತಿಲ್ಲ.

ಗಂಗರಾಜು


ಸಾದಲಿ
14-10-2024

ಅಣ್ಣನಿಗೆ,

ನಾನೇ.

ಕೊಂಡಮ್ಮತ್ತೆಯ ಹುಳು ಮೂರನೇ ಜ್ವರಕ್ಕೆ ಕೂತವು, ಏಳಲಿಲ್ಲ. ನಮ್ಮವು ಹೇಗೆ ಹೋದವೋ ಹಾಗೇ. ಅವರು ತಮ್ಮ ಬಾಗಿಲಿಗೆ ಗೆರೆ ಎಳೆದು ಹೊರಗೆ ಕೂತಿದ್ದರು. ನಾನು ರಸ್ತೆಯ ಈಚೆ ನಿಂತು ಏನು ರೋಗ ಅತ್ತೆ ಎಂದು ಕೇಳಿದೆ. ಕೇಳಲೇಬೇಕಲ್ಲ, ಕೇಳದಿದ್ದರೆ ತಪ್ಪಾಗುತ್ತದೆ. "ಗೊತ್ತಿಲ್ಲ ತಲ್ಲೀ, ನಾನು ಕೈ ತೊಳ್ಕೊಂಡೇ ಒಳಕ್ಕೆ ಹೋಗ್ತಿದ್ದೆ, ಎಲ್ಲಿ ತಪ್ಪು ಮಾಡ್ದೆನೋ" ಎಂದು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಹೋದ ವರ್ಷ ನಾನೂ ಹಾಗೇ ನೋಡಿಕೊಂಡಿದ್ದೆ. ಅಂಗಡಿಯಲ್ಲಿ ಇನ್ನೂ ನೀಲಿ ಚೀಲ ರಾಶಿ ಇತ್ತು, ಹಬ್ಬದ ಬೆಳೆಯ ಹುಳುವಿಗೆ ಎಲ್ಲರೂ ಒಯ್ಯುವವರೇ.

ಬಾಯಿಂದ ಹೇಳಿದರೆ ತಪ್ಪು, ಬರೆದರೆ ತಪ್ಪು. ಸುಣ್ಣ ಹಾಕಿದರೆ ತಪ್ಪೆಂದು ಎಲ್ಲಿದೆ ಎಂದುಕೊಂಡೆ. ಬೆಳಗಾಗುವ ಮುಂಚೆ ಹೋಗಿ ಕೊಂಡಪ್ಪನ ಬಾಗಿಲಿಗೆ ಅಡ್ಡ ಎಳೆದು ಬಂದೆ. ಅವನು ಬಾಗಿಲು ತೆರೆಯುವ ಹೊತ್ತಿಗೆ ನಾನೂ ಹಾಲಿನ ಡೈರಿಗೆ ಹೋಗುವವಳಂತೆ ಅಲ್ಲೇ ಇದ್ದೆ.

"ಯಾವಳೇ ಇದು? ನನ್ನ ಅಂಗಡಿಗೆ ಏನ್ ರೋಗ ಬಂದೈತೆ?" ಎಂದು ಕೂಗಿದ.

ಎಲ್ಲರ ಕಣ್ಣು ಒಳಗಿನ ನೀಲಿ ಚೀಲದ ಮೇಲೆ ಹೋಯಿತು. ಕೊಂಡಮ್ಮತ್ತೆ ನನ್ನ ಕೈ ನೋಡಿದರು. ಉಗುರಿನಲ್ಲಿ ಸುಣ್ಣ ಇತ್ತು.

ಅವರು ನನ್ನನ್ನು ಹೊಗಳಿದರು ಎಂದುಕೊಳ್ಳಬೇಡ. ಡೈರಿಯ ಹತ್ತಿರ ಹಿಡಿದುಕೊಂಡು, "ಗೆರೆ ಎಳೆಯೋಳು ನನ್ನ ಹುಳ ಸಾಯೋಕ್ ಮುಂಚೆ ಎಳೀಬಾರ್ದಾಗಿತ್ತಾ?" ಎಂದು ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿನ್ನ ಹತ್ತಿರ ಇದೆಯಾ?

ಕೊಂಡಪ್ಪ ಚೀಲಗಳನ್ನೆಲ್ಲ ಕಂಪನಿಗೆ ವಾಪಸ್ಸು ಕಳಿಸಿದ. ಗೆರೆಯ ಫೋಟೋವನ್ನೂ ಕಳಿಸಿದ. ಮೊನ್ನೆ ಕಂಪನಿಯಿಂದ ನೋಟೀಸು ಬಂತು. ರಾಜಿಪತ್ರದಲ್ಲಿ "ಬೇರೆ ಯಾವುದೇ ರೀತಿಯಲ್ಲಿ" ಎಂದೂ ಇತ್ತಂತೆ. ಸುಣ್ಣವೂ ಅದರಲ್ಲಿ ಬರುತ್ತದಂತೆ. ನವೆಂಬರ್ ಹದಿನೈದಕ್ಕೆ ಚಿಕ್ಕಬಳ್ಳಾಪುರಕ್ಕೆ ಬರಲು ಹೇಳಿದ್ದಾರೆ. ಸಾಕ್ಷಿ ಹಾಕಿದವನು ನೀನು, ನೀನೂ ಬರಬೇಕು. ಮುನೇಶ್ ಸೊಪ್ಪು ಕಡಿಯುವುದಕ್ಕೆ ಇಲ್ಲೇ ಇರುತ್ತಾರೆ.

ಹೆದರಬೇಡ ಎಂದರೆ ನೀನು ಕೇಳುವುದಿಲ್ಲ. ಹೆದರಿಕೊಂಡೇ ಬಾ.

ಯಶೋಧರಾ


ಗೌರಿಬಿದನೂರು
18-11-2024

ಪ್ರೀತಿಯ ತಂಗಿಗೆ,

ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿನಗೆ ಏನೋ ಹೇಳಬೇಕೆಂದು ಅಷ್ಟು ಹೊತ್ತು ನಿಂತೆ. ಕೊನೆಗೆ ಬಾಯಿಂದ ಬಂದದ್ದು "ಕಾಫಿ ಕುಡೀತೀಯಾ" ಎಂಬ ಮಾತು. ನೀನು ಬೇಡ ಎಂದೆ. ನಿನ್ನ ಬಸ್ಸು ಬಂತು. ಆವತ್ತು ಹೇಳದೆ ಉಳಿದಿದ್ದನ್ನು ಈಗ ಬರೆಯುತ್ತಿದ್ದೇನೆ. ನೀನು ಅಲ್ಲೇ ಇದ್ದವಳು, ನಿನಗೇ ನಡೆದದ್ದು, ಆದರೂ ಓದು. ನಿನ್ನ ಮುಖ ನಿನಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು.

ಒಳಗೆ ಹೋಗುವ ಮುಂಚೆ ಸಂಹಿತಾ ಮೇಡಂ ಮೆಟ್ಟಿಲ ಹತ್ತಿರ ಹೇಳಿದರು, "ಅವರು ಏನ್ ಕೇಳಿದ್ರೂ ನನ್ನ ಕೇಳದೆ ಉತ್ತರ ಕೊಡ್ಬೇಡಿ ಯಶೋಧರಾ" ಎಂದು. ನೀನು ಆಗಲಿ ಎಂದು ತಲೆ ಆಡಿಸಿದೆ. ಚಿಕ್ಕಂದಿನಿಂದ ನೀನು ತಲೆ ಆಡಿಸಿದ್ದೆಲ್ಲ ನನಗೆ ಗೊತ್ತು.

ಆ ಕಂಪನಿಯ ವಕೀಲರು ಕೆಟ್ಟವರಾಗಿ ಕಾಣಲಿಲ್ಲ. ನನಗೂ ಕುರ್ಚಿ ಕೊಟ್ಟರು. ಫೋನಿನಲ್ಲಿ ಗೆರೆಯ ಫೋಟೋ ತೋರಿಸಿ ನಗುತ್ತಲೇ ಹೇಳಿದರು.

"ನೋಡಿಮ್ಮಾ, ನಮಗೂ ನಿಮ್ಮ ಮನೆ ಕಿತ್ಕೊಂಡು ಹೋಗೋ ಆಸೆ ಇಲ್ಲ. ಅಲ್ಲಿ ಇರುವೆ ಜಾಸ್ತಿ ಇತ್ತು. ನೀವು ಇರುವೆಗೆ ಸುಣ್ಣ ಹಾಕಿದ್ರಿ. ಅಷ್ಟೇ ತಾನೇ? ಅಷ್ಟು ಬರೆದು ಸೈನ್ ಹಾಕಿ. ಹುಳುಮನೆ ನಿಮ್ಮದೇ, ನಾವೂ ಫೈಲ್ ಮುಚ್ತೀವಿ."

ಕಾಗದ ಆಗಲೇ ಟೈಪಾಗಿತ್ತು. ಪೆನ್ನು ಬಿಚ್ಚಿ ಪಕ್ಕದಲ್ಲಿಟ್ಟಿದ್ದರು. ಸಂಹಿತಾ ಮೇಡಂ ಓದಿ ನಿನ್ನ ಕಡೆ ನೋಡಿದರು. ನಾನು ಮನಸ್ಸಿನಲ್ಲಿ "ಇರುವೆ ಅನ್ನಮ್ಮಾ, ಇರುವೆ ಅನ್ನು" ಎಂದು ಎಲ್ಲ ದೇವರನ್ನೂ ಬೇಡಿಕೊಂಡೆ. ಅಪ್ಪ ಪಟ ಇಟ್ಟುಕೊಂಡಿದ್ದ ಬುದ್ಧನನ್ನೂ ಬಿಡಲಿಲ್ಲ. ಆಮೇಲೆ, ಸುಳ್ಳು ಹೇಳಿಸು ಎಂದು ಬುದ್ಧನನ್ನು ಕೇಳಬಹುದೇ ಎಂದು ಅದೊಂದು ಭಯ.

ನೀನು ಕೇಳಿದೆ, "ಸಾರ್, ನಿಮ್ಮದು ಯಾವೂರು?"

"ಬೆಂಗಳೂರು."

"ಅದಕ್ಕೇ ಸಾರ್. ಇರುವೆಗಾದ್ರೆ ನಾವು ಮೂಲೇಗೆ ಹಾಕ್ತೀವಿ, ಸ್ಟ್ಯಾಂಡಿನ ಕಾಲಿನ ಸುತ್ತ ಹಾಕ್ತೀವಿ. ಬಾಗಿಲಿಗೆ ಅಡ್ಡ ಎಳೆಯೋದು ರೋಗಕ್ಕೆ. ಫೋಟೋದಲ್ಲಿ ನೋಡಿ, ನಾನು ಅಡ್ಡ ಎಳೆದಿದ್ದೀನಿ."

"ಯಶೋಧರಾ" ಎಂದರು ಮೇಡಂ.

"ಹೇಳ್ಬಿಡ್ತೀನಿ ಮೇಡಂ. ಮಾತು ಕೊಟ್ಟಿದ್ದು ನಾನು, ಮುರಿದಿದ್ದೂ ನಾನೇ. ನೀವು ಕೊಟ್ಟಿದ್ದು ನೀವು ತಗೊಂಡ್ಹೋಗಿ ಸಾರ್. ಆದ್ರೆ ಇರುವೆಗೆ ಅಂತ ಬರೆದುಕೊಟ್ರೆ, ನಾಳೆ ನಮ್ಮೂರಲ್ಲಿ ಯಾರ ಬಾಗಿಲಲ್ಲಿ ಗೆರೆ ಕಂಡ್ರೂ ಜನ ಇರುವೆಗಿರ್ಬೇಕು ಬಿಡು ಅಂತ ದಾಟ್ತಾರೆ. ಆಮೇಲೆ ಯಾರೂ ಯಾರನ್ನೂ ನಂಬಲ್ಲ."

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ನಿನ್ನ ಧ್ವನಿ ಏರಲಿಲ್ಲ, ಕಣ್ಣಲ್ಲಿ ನೀರಿಲ್ಲ. ಸೆರಗು ಕೂಡ ಸರಿಮಾಡಿಕೊಳ್ಳಲಿಲ್ಲ. ಓಣಿಯ ತುದಿಯಲ್ಲಿ ಮೇಷ್ಟ್ರನ್ನು ತಡೆದು ನಿಂತಿದ್ದ ಮುಖವೇ ಅದು. ಅಷ್ಟು ವರ್ಷ ಕಳೆದರೂ ಆ ಮುಖ ಹಾಗೇ ಇದೆ ಎಂದು ನನಗೆ ಗೊತ್ತಿರಲಿಲ್ಲ ತಂಗಿ. ಸಂಸಾರ, ಸೊಪ್ಪು, ಹುಳು ಇವೆಲ್ಲದರಲ್ಲಿ ಎಲ್ಲೋ ಹೋಗಿರಬೇಕು ಎಂದುಕೊಂಡಿದ್ದೆ.

ಹುಳುಮನೆ ವಾಪಸ್ಸು ಕೊಡುವ ಕಾಗದಕ್ಕೆ ನೀನು ಸಹಿ ಹಾಕಲು ಒಳಗೆ ಹೋದಾಗ ಸಂಹಿತಾ ಮೇಡಂ ನನ್ನ ಹತ್ತಿರ ಬಂದು, "ಪುಡಿ ಬಗ್ಗೆ ರೇಷ್ಮೆ ಇಲಾಖೆಗೆ ದೂರು ಕೊಡೋದನ್ನ ಯಾವ ರಾಜಿಪತ್ರ ತಡೆಯುತ್ತೋ ನೋಡ್ತೀನಿ. ಅದು ನನ್ನ ಕೆಲಸ. ಆದ್ರೆ ಮನೆ ಉಳಿಸಬಹುದಿತ್ತು, ಉಳಿಸೋಕೆ ಇವರು ಬಿಡ್ಲಿಲ್ಲ" ಎಂದರು. ಕನ್ನಡಕ ತೆಗೆದು ಒರೆಸಿಕೊಂಡು, "ಇವರು ಚಿಕ್ಕಂದಿನಿಂದ ಹೀಗೇನಾ?" ಎಂದು ಕೇಳಿದರು. ಹೌದು ಎಂದೆ. ಯಾಕೋ ಹೌದು ಎನ್ನುವಾಗ ನನ್ನ ಬೆನ್ನು ನೆಟ್ಟಗಾಯಿತು. ನಾನೇ ಏನೋ ಮಾಡಿದವನ ಹಾಗೆ.

ಸ್ಟ್ಯಾಂಡು, ಬಲೆ, ಶೀಟು ಎಲ್ಲ ಹೋಗುತ್ತದೆ ಎಂದು ನೆನೆದರೆ ಅಳು ಬರುತ್ತದೆ. ಚಳಿಗಾಲ ಬಂತು. ಮತ್ತೆ ಜಗುಲಿಯಲ್ಲಿ ಮಲಗುತ್ತೀರಾ? ಮುನೇಶನಿಗೆ ಕೆಮ್ಮು ಬೇರೆ. ಕಂಬಳಿ ಇದೆಯಾ? ಇಲ್ಲದಿದ್ದರೆ ಬರೆ.

ಸುಡುವುದು ಮರೆಯಬೇಡ.

ನಿನ್ನ ಅಣ್ಣ,
ಗಂಗರಾಜು


ಸಾದಲಿ
23-12-2024

ಅಣ್ಣನಿಗೆ ನಮಸ್ಕಾರ.

ಕಂಬಳಿ ಇದೆ. ಕೆಮ್ಮು ಬೀಡಿಯದ್ದು, ಚಳಿಯದ್ದಲ್ಲ.

ಲಾರಿ ಬಂತು. ಚಿಂತಾಮಣಿ ಕಡೆಯ ಕೂಲಿಯವರನ್ನು ಕರೆತಂದಿದ್ದರು. ಕಂಪನಿಯ ಒಬ್ಬ ಕಾಗದ ಹಿಡಿದು, "ಇಳೀರಿ, ಬಿಚ್ರಿ" ಎಂದ. ಕೂಲಿಯವರು ಬಾಗಿಲವರೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಇಣುಕಿದರು. ನನ್ನ ಹುಳು ನಾಲ್ಕನೇ ಜ್ವರದಲ್ಲಿದ್ದವು. ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು.

"ಆಗಲ್ಲ ಸಾರ್" ಎಂದ ಅವರಲ್ಲಿ ಹಿರಿಯವನು.

"ಏನ್ ಆಗಲ್ಲ?"

"ಜ್ವರದಲ್ಲವೆ. ಈಗ ಸ್ಟ್ಯಾಂಡು ಮುಟ್ಟಿದ್ರೆ ಹುಳ ಕೆಡ್ತವೆ."

"ಹುಳ ನಮ್ದಲ್ಲಯ್ಯಾ, ಸ್ಟ್ಯಾಂಡ್ ನಮ್ದು."

"ಸ್ಟ್ಯಾಂಡ್ ನಿಮ್ದೇ ಸಾರ್, ಇಲ್ಲ ಅಂದವ್ರು ಯಾರು? ನಮ್ಮನೇಲೂ ಹುಳ ಅವೆ. ನಾನು ಮುಟ್ಟಾಕಿಲ್ಲ, ಬೇಕಾದ್ರೆ ನೀವೇ ಬಿಚ್ಚಿ."

ಕಂಪನಿಯವನು ಒಂದು ಸ್ಕ್ರೂ ಕೂಡ ಬಿಚ್ಚಿದವನಲ್ಲ. ಫೋನಿನಲ್ಲಿ ಯಾರನ್ನೋ ಕೇಳಿದ, ಬೈಸಿಕೊಂಡ. "ಗೂಡು ಬಿಡಿಸಿದ ದಿನ ನಾನೇ ಫೋನ್ ಮಾಡ್ತೀನಿ ಅಪ್ಪಾ, ಹೋಗಿ ಬನ್ನಿ" ಎಂದೆ. ನಂಬಲಿಲ್ಲ. ಆದರೂ ಹೋದರು. ಕೂಲಿಯವರು ಮಜ್ಜಿಗೆ ಕುಡಿದು ಹೋದರು.

ಗೂಡು ಚೆನ್ನಾಗಿ ಆಯಿತು. ಬಿಡಿಸಿದ ದಿನವೇ ಫೋನ್ ಮಾಡಿದೆ. ಆ ಕಡೆಯವನು, "ಯಾರು? ಯಾಕೆ?" ಎಂದು ಎರಡು ಸಾರಿ ಕೇಳಿದ. ನಿನ್ನೆ ಎಲ್ಲ ಬಿಚ್ಚಿಕೊಂಡು ಹೋದರು. ಶೀಟು ಇಳಿಸುವಾಗ ಏಣಿ ಜಾರುತ್ತಿತ್ತು. ಕೊಂಡಮ್ಮತ್ತೆ ಬಂದು ಹಿಡಿದುಕೊಂಡರು. ನನ್ನ ಜೊತೆ ಇನ್ನೂ ಸರಿಯಾಗಿ ಮಾತಿಲ್ಲ. ಏಣಿ ಮಾತ್ರ ಕೊನೆಯವರೆಗೆ ಹಿಡಿದಿದ್ದರು.

ಈಗ ನಾಲ್ಕು ಗೋಡೆ ಇದೆ, ಮೇಲೆ ಆಕಾಶ. ಮುನೇಶ್ ತೆಂಗಿನ ಗರಿ ಹಾಕುತ್ತೇನೆ ಎನ್ನುತ್ತಿದ್ದಾರೆ. ಮುಂದಿನ ಬೆಳೆ ಕೋಣೆಯಲ್ಲೇ. ನಿನ್ನ ಆರೋಗ್ಯ ನೋಡಿಕೋ. ಹೊತ್ತು ಹೊತ್ತಿಗೆ ಉಣ್ಣು.

ನಿನ್ನ ತಂಗಿ,
ಯಶೋಧರಾ

ನಿನ್ನ ಹಿಂದಿನ ಕಾಗದ ಸುಟ್ಟಿಲ್ಲ. ಮುನೇಶ್ ಇನ್ನೊಂದು ಸಾರಿ ಓದಬೇಕು ಎಂದರು.


ಗೌರಿಬಿದನೂರು
20-1-2025

ತಂಗಿ ಯಶೋಧರಾಳಿಗೆ ಅಣ್ಣ ಗಂಗರಾಜು ಮಾಡುವ ಆಶೀರ್ವಾದ.

ಕೊಂಡಪ್ಪ ವಾಪಸ್ಸು ಕಳಿಸಿದ ಚೀಲ ಎಲ್ಲಿ ಹೋದವು ಎಂದು ನಾವಿಬ್ಬರೂ ಕೇಳಲೇ ಇಲ್ಲ ನೋಡು. ಹೋದ ವಾರ ನಮ್ಮ ಅಂಗಡಿಗೆ ಬಂದವು. ನೀಲಿ ಕಾಗದ. ನಾನೇ ಲಾರಿಯಿಂದ ಇಳಿಸಿಕೊಂಡೆ. ಒಂದರ ಮೂಲೆ ಉಗುರಿನಿಂದ ಎತ್ತಿ ನೋಡಿದೆ. ಹಳದಿ.

ರಾಜಿಯ ಕಾಗದ ನನ್ನ ಬಾಯಿಗೆ ಬೀಗ ಹಾಕಿಲ್ಲ, ನಾನು ಬರೀ ಸಾಕ್ಷಿ. ಅದನ್ನು ಸಂಹಿತಾ ಮೇಡಂಗೆ ಫೋನ್ ಮಾಡಿ ಕೇಳಿಕೊಂಡೆ. ಹೌದು, ಫೋನ್ ಮಾಡಿದೆ. ಇಲಾಖೆಯವರು ಪುಡಿಯ ಮಾದರಿ ತೆಗೆದುಕೊಂಡು ಹೋಗಿದ್ದಾರಂತೆ, ಉತ್ತರ ಬರುವುದು ತಡವಂತೆ. ಅಲ್ಲಿಯವರೆಗೆ ಚೀಲ ಮಾರಾಟವಾಗುತ್ತಲೇ ಇರುತ್ತದೆ. ಅಚ್ಯುತ್ ಸಾರ್‌ಗೆ ಹೇಳೋಣ ಎಂದು ಮೂರು ಸಾರಿ ಅವರ ಟೇಬಲ್ಲಿನವರೆಗೆ ಹೋಗಿ, ಚೇಂಜ್ ಇದೆಯಾ ಸಾರ್ ಎಂದು ಕೇಳಿ ಬಂದೆ. ಈ ವಯಸ್ಸಿನಲ್ಲಿ ಕೆಲಸ ಹೋದರೆ ನನ್ನನ್ನು ಯಾರು ಕರೆಯುತ್ತಾರೆ? ಆ ಯೋಚನೆಯಲ್ಲೇ ದಿನ ಕಳೆದೆ.

ಇವತ್ತು ನಗರಗೆರೆಯಿಂದ ರಾಮಾಂಜಿನಪ್ಪ ಎಂಬುವರು ಬಂದರು. ಜೊತೆಯಲ್ಲಿ ಅವರ ಹೆಂಡತಿ. ಹುಳು ಎರಡನೇ ಜ್ವರ ಎದ್ದಿವೆ, ಒಂದು ಒಳ್ಳೇ ಪುಡಿ ಕೊಡಿ ಎಂದರು. ಅಚ್ಯುತ್ ಸಾರ್ ಒಳಗಿನಿಂದಲೇ, "ಗಂಗರಾಜು, ಆ ನೀಲೀದು ಕೊಡು" ಎಂದರು.

ತಂದು ಕೌಂಟರಿನ ಮೇಲಿಟ್ಟೆ. ಬಾಯಲ್ಲಿ ಎಲೆ ಅಡಿಕೆ ಇತ್ತು, ಮಾತು ಬರಲಿಲ್ಲ. ಬಾಯಿ ಖಾಲಿ ಇದ್ದರೂ ಬರುತ್ತಿರಲಿಲ್ಲ, ಬಿಡು. ಜೇಬಿನಿಂದ ಸುಣ್ಣದ ಡಬ್ಬಿ ತೆಗೆದೆ. ಬೆರಳಿಗೆ ಹಚ್ಚಿಕೊಂಡು, ಚೀಲಕ್ಕೂ ಅವರಿಗೂ ನಡುವೆ, ಕೌಂಟರಿನ ಮೇಲೆ ಅಡ್ಡಕ್ಕೆ ಎಳೆದೆ. ಗೆರೆ ಸೊಟ್ಟಗಾಯಿತು.

ರಾಮಾಂಜಿನಪ್ಪನವರು ದುಡ್ಡು ಎಣಿಸುತ್ತಿದ್ದರು, ನೋಡಲಿಲ್ಲ. ಅವರ ಹೆಂಡತಿ ನೋಡಿದರು. ಗೆರೆ ನೋಡಿದರು, ಚೀಲ ನೋಡಿದರು, ನನ್ನ ಮುಖ ನೋಡಿದರು. ಗಂಡನ ತೋಳು ಹಿಡಿದು, "ನಡೀರಿ, ಬೇಡ" ಎಂದರು.

"ಏನೇ ನಿಂದು?"

"ನಡೀರಿ ಅಂದ್ನಲ್ಲ."

ಹೋದರು. ಅಚ್ಯುತ್ ಸಾರ್ ಹೊರಗೆ ಬಂದರು.

"ಯಾಕೆ ಹೋದ್ರು? ಇದೇನಯ್ಯಾ ಕೌಂಟರ್ ಮೇಲೆ ಸುಣ್ಣ?"

ಇರುವೆಗೆ ಸಾರ್ ಎನ್ನುವುದಕ್ಕೆ ನಾಲಿಗೆ ತುದಿಗೆ ಬಂದಿತ್ತು. ಎಲೆ ಉಗಿದು ಬಂದೆ. ಕೈ ಒರೆಸಿಕೊಂಡೆ.

"ಅಡ್ಡ ಗೆರೆ ಸಾರ್" ಎಂದೆ. "ನಮ್ಮ ತಂಗಿ ಹುಳು ಈ ಪುಡಿಯಿಂದಲೇ ಹೋದವು. ಕೂತ್ಕೊಳ್ಳಿ, ಹೇಳ್ತೀನಿ."

ಎಲ್ಲ ಹೇಳಿದೆ. ನನ್ನ ಧ್ವನಿ ನಿನ್ನದರ ಹಾಗಿರಲಿಲ್ಲ, ನಡುವೆ ಎರಡು ಸಾರಿ ನೀರು ಕುಡಿದೆ. ಕೊನೆಗೆ ಅವರು, "ನಾಳೆ ಬೆಳಿಗ್ಗೆ ಬಾ, ಮಾತಾಡೋಣ" ಎಂದು ಷಟ್ರು ಎಳೆದರು. ನಾಳೆ ಏನಾಗುತ್ತದೋ ಗೊತ್ತಿಲ್ಲ. ಕೊಂಡಮ್ಮತ್ತೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇಲ್ಲ. ಆದರೆ ನಗರಗೆರೆಯ ಆ ತಾಯಿ ನನಗೆ ಆ ಪ್ರಶ್ನೆ ಕೇಳುವುದಿಲ್ಲ, ಅಷ್ಟಂತೂ ಗೊತ್ತು.

ಷಟ್ರು ಎಳೆಯುವ ಮುಂಚೆ ಅಚ್ಯುತ್ ಸಾರ್ ಕೌಂಟರು ಒರೆಸಲು ಬಟ್ಟೆ ತೆಗೆದುಕೊಂಡರು. ಗೆರೆಯವರೆಗೆ ಒರೆಸಿ, ಅಲ್ಲಿ ನಿಂತು, ಬಟ್ಟೆಯನ್ನು ಮಡಚಿಟ್ಟರು.

ಲಕೋಟೆಗೆ ಅನ್ನ ಹಚ್ಚಿಲ್ಲ. ಈ ಕಾಗದವನ್ನು ಸುಡಬೇಡ.

ನಿನ್ನ ಅಣ್ಣ,
ಗಂಗರಾಜು